ಹನ್ನೆರಡು ಕುರ್ಚಿ, ಮೂರು ಊರು

ಕೆಂಡದ ಇಸ್ತ್ರಿಪೆಟ್ಟಿಗೆ ಒದ್ದೆ ಬಟ್ಟೆಯ ಮೇಲೆ ಕೂತಾಗ ಏಳುತ್ತಿದ್ದ ಹಬೆಯ ವಾಸನೆ. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿದ್ದ ಅಪ್ಪನ ಹೊಲಿಗೆ ಅಂಗಡಿ ಎಂದರೆ ನನಗೆ ಅದೇ. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೆ ಜೀನ್ಸ್ ಹೊಲಿಯುವ ಹೆಂಗಸರ ಒಕ್ಕೂಟ ನನ್ನನ್ನು ತನ್ನ ಮೇಲ್ಮನೆಗೆ ಮತವಿಲ್ಲದ ಅಧ್ಯಕ್ಷೆಯಾಗಿ ಕರೆಯಿತು. ಆ ವಾಸನೆಯ ನೆನಪಿಗೇ ಒಪ್ಪಿಕೊಂಡೆ.

ಸಂಸತ್ತಿನಂತೆ ಒಕ್ಕೂಟಕ್ಕೂ ಎರಡು ಮನೆ. ಕೆಳಮನೆಯಲ್ಲಿ ಸದಸ್ಯರ ಸಂಖ್ಯೆಗೆ ತಕ್ಕ ಸ್ಥಾನ. ಮೇಲ್ಮನೆಯಲ್ಲೂ ಹಾಗೆಯೇ: ಬಳ್ಳಾರಿಗೆ ಎಂಟು, ಸಿರುಗುಪ್ಪಕ್ಕೆ ಮೂರು, ಕುರುಗೋಡಿಗೆ ಒಂದು. ಆ ಒಂದರಲ್ಲಿ ಕೂರುವವಳು ಜಂಬಮ್ಮ. ನಿಯಮ ಬರೆದವರು ಬಳ್ಳಾರಿಯ ವಕೀಲ ಚನ್ನಬಸವರಾಜ; ಸಲಹೆಗಾರರಾಗಿ ಸಭೆಗೂ ಬಂದು ಕೂರುತ್ತಿದ್ದರು.

ಸಭೆಯ ದಿನದ ಅಡುಗೆ ಮಾತ್ರ ಸರದಿಯಂತೆ ಮೂರೂ ಊರಿಗೆ ಸಮ. ಈ ಸಲ ಕುರುಗೋಡಿನದು. ಜಂಬಮ್ಮ ನಸುಕಿನಲ್ಲೇ ಎದ್ದು ಎಲ್ಲರಿಗೂ ರೊಟ್ಟಿ ಬಡಿದಿದ್ದಳು. ಹಲ್ಲು ಸಡಿಲವಾದ ನನಗೆಂದು ಮೆತ್ತನೆಯವನ್ನು ಆರಿಸಿ ಬೇರೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು.

ಜೀನ್ಸ್ ತೊಳೆಯುವ ಘಟಕವನ್ನು ಕುರುಗೋಡಿನಲ್ಲಿ ಕಟ್ಟಿ, ಬಣ್ಣದ ನೀರನ್ನು ಅಲ್ಲಿನ ಹಳ್ಳಕ್ಕೆ ಬಿಡಲು ಕೆಳಮನೆ ಆಗಲೇ ಒಪ್ಪಿತ್ತು; ಇನ್ನು ಬೇಕಿದ್ದುದು ಮೇಲ್ಮನೆಯ ಒಪ್ಪಿಗೆ. ಜಂಬಮ್ಮನ ಓಣಿಯವರು ಕುಡಿಯುವುದು ಆ ಹಳ್ಳದ ದಂಡೆಯ ಬಾವಿಯ ನೀರು.

“ನಮ್ಮ ಬಾವಿ ನೀಲಿ ಆಗತೈತ್ರೀ,” ಎಂದಳು ಜಂಬಮ್ಮ. “ಮೊದ್ಲು ಮೂರೂ ಊರಿಗೆ ನಾಕ್ನಾಕು ಕುರ್ಚಿ ಕೊಡ್ರಿ. ಆಮ್ಯಾಲೆ ಕೈ ಎತ್ರಿ.”

ಚನ್ನಬಸವರಾಜ ನಕ್ಕರು. “ರಾಜ್ಯಸಭಾನೂ ಹಿಂಗ ಐತಿ ಜಂಬಮ್ಮ. ಉತ್ತರ ಪ್ರದೇಶಕ್ಕ ಮೂವತ್ತೊಂದು, ಸಿಕ್ಕಿಮಿಗೆ ಒಂದು. ದಿಲ್ಲಿಗೆ ಹೋಗಿ ಜಗಳ ಆಡ್ತೀಯೇನು?”

“ದಿಲ್ಲಿಯೋರಿಗೆ ನಾ ರೊಟ್ಟಿ ಬಡದಿಲ್ಲ ಬಿಡ್ರಿ! ಅಡಗಿಗೆ ಮೂರೂ ಊರು ಸಮ, ಕೈ ಎತ್ತಾಕ ಮಾತ್ರ ತಲಿ ಲೆಕ್ಕ. ಯಾವ ನ್ಯಾಯ್ರೀ ಇದು?”

ಕೆಲವರು ಕಿಸಕ್ಕೆಂದರು. ನನಗೆ ಮೈಯೆಲ್ಲ ಉರಿಯಿತು.

“ವಕೀಲ್ರ, ಅಮೆರಿಕದ ಮೇಲ್ಮನ್ಯಾಗ ಸಣ್ಣ ರಾಜ್ಯಕ್ಕೂ ಎರಡು, ದೊಡ್ಡದಕ್ಕೂ ಎರಡು. ಅದನ್ಯಾಕ ಹೇಳವಲ್ರಿ? ಕೆಳಗ ಎಣಿಸಿದ ತಲಿನ ಮ್ಯಾಲೂ ಎಣಸೋದಾದ್ರ ಎರಡನೇ ಮನಿ ಯಾಕ ಬೇಕು?”

“ನಿಯಮ ತಿದ್ದಾಕೂ ಬಹುಮತ ಬೇಕಲ್ರೀ ಮೇಡಂ,” ಎಂದರು ತಣ್ಣಗೆ.

“ಇವತ್ತು ಅವ್ರ ಹಳ್ಳ, ನಾಳಿ ನಮ್ಮದು,” ಎಂದು ಸಿರುಗುಪ್ಪದ ಮೂವರೂ ಜಂಬಮ್ಮನ ಕಡೆ ಕೈ ಎತ್ತಿದರು. ಆದರೂ ನಾಲ್ಕೇ. ಸಮ ಕುರ್ಚಿಯ ಮಾತು ಬಿದ್ದುಹೋಯಿತು. ಅದೇ ಎಂಟು ಕೈಗಳು ಮತ್ತೆ ಎದ್ದು ಘಟಕಕ್ಕೆ ಒಪ್ಪಿಗೆ ಕೊಟ್ಟವು.

ಸಹಿಗೆಂದು ಠರಾವನ್ನು ನನ್ನ ಮುಂದಿಟ್ಟರು. ತಳ್ಳಿದೆ.

“ಈ ಕುರ್ಚಿನೂ ಬಳ್ಳಾರಿಗೇ ಇರಲಿ. ಒಂಬತ್ತು ಮಾಡ್ಕೊಳ್ರಿ!”

ಚಪ್ಪಲಿ ಮೆಟ್ಟಿ ಹೊರಬಂದು ರಸ್ತೆಯಂಚಿನ ಬೇವಿನ ಕೆಳಗೆ ಬಸ್ಸಿಗೆ ನಿಂತೆ. ಒಳಗೆ ತಟ್ಟೆಗಳ ಸದ್ದು. ಅವಳ ಬಾವಿಯನ್ನು ಕೆಡಿಸಲು ಎದ್ದ ಕೈಗಳೇ ಈಗ ಅವಳ ರೊಟ್ಟಿ ಮುರಿಯುತ್ತಿದ್ದವು.

ಎಲ್ಲರಿಗೂ ಬಡಿಸಿ ಮುಗಿಸಿದ ಜಂಬಮ್ಮ ಹೊರಬಂದಳು. ಅಳುತ್ತಿರಲಿಲ್ಲ, ದವಡೆ ಬಿಗಿದಿತ್ತು. ನನಗೆಂದು ಸುತ್ತಿಟ್ಟಿದ್ದ ಬಟ್ಟೆಯ ಗಂಟನ್ನು ನನ್ನ ಕೈಯಲ್ಲಿಟ್ಟಳು.