ಮುಟ್ಟದ ಪರಿಹಾರ

"ಹರಾಜು ಕೂಗೋಕೆ ನಾಲಿಗೆ ಇತ್ತು, ಕಾಗದ ಓದಿಸ್ಕೊಳ್ಳೋಕೆ ಬುದ್ಧಿ ಇರ್ಲಿಲ್ವೇನೇ?" ನೋಂದಣಿ ಕಚೇರಿಯ ಗುಮಾಸ್ತ ಕಡತವನ್ನು ಮೇಜಿನ ಮೇಲೆ ಕುಕ್ಕಿದ. "ಕೊಳೆ ಬಟ್ಟೆ ಒಗೆಯೋರಿಗೆ ಕಟ್ಟಡ ಬೇಕಂತೆ."

ಮೇಜಿನೆದುರು ಲಾಂಡ್ರಿಯ ಇಸ್ತ್ರಿಯವಳು, ಅವಳ ಹಿಂದೆ ಜೊತೆ ಕೆಲಸದವರು ನಿಂತಿದ್ದರು. ಧಣಿ ಸಾಲ ಮುಳುಗಿಸಿದ ಮೇಲೆ ಬ್ಯಾಂಕು ಹರಾಜಿಗಿಟ್ಟ ಲಾಂಡ್ರಿ ಶೆಡ್ಡನ್ನು ಅಲ್ಲೇ ದುಡಿಯುವ ಹನ್ನೊಂದು ಹೆಂಗಸರು ಕಿವಿಯದು ಮೂಗಿನದು ಮಾರಿ ಕೊಂಡಿದ್ದರು. ಬೇರೆ ಯಾರೂ ಕೂಗಿರಲಿಲ್ಲ. ಬಾಯ್ಲರ್ ಸಿಡಿದು ಇಸ್ತ್ರಿಯವಳ ಗಂಡ ಸತ್ತ ಜಾಗ, ಜನ ಹೆದರಿದ್ದಾರೆ ಎಂದುಕೊಂಡಿದ್ದರು. "ಸತ್ತೋನು ನಮ್ಮೋನೇ ಅಲ್ವಾ, ನಮಗೇನು ಮಾಡ್ತಾನೆ?" ಎಂದು ಗಂಜಿ ಹಾಕುವ ದೊಡ್ಡಕ್ಕ ಅಂದಾಗ ಇಸ್ತ್ರಿಯವಳೂ ನಕ್ಕಿದ್ದಳು.

"ಶೆಡ್ಡಿನ ಮೇಲೆ ಹಳೇ ಋಣಭಾರ ಇದೆ. ಕೋರ್ಟಿಂದು, ಬ್ಯಾಂಕ್ ಸಾಲಕ್ಕೂ ಮುಂಚಿಂದು. ಕೊಂಡೋರೇ ತೀರಿಸ್ಬೇಕು. ಇಲ್ಲಾಂದ್ರೆ ಮತ್ತೆ ಹರಾಜು."

"ಯಾರಿಗೆ ಕೊಡೋದು ಸ್ವಾಮಿ?" ದೊಡ್ಡಕ್ಕ ಕೇಳಿದಳು.

ಗುಮಾಸ್ತ ಹಾಳೆ ತಿರುವಿದ. "ಬಾಯ್ಲರಲ್ಲಿ ಸತ್ತ ಕೂಲಿಯ ಹೆಂಡ್ತಿಗೆ. ಪರಿಹಾರ."

ಹತ್ತು ಜೊತೆ ಕಣ್ಣು ಇಸ್ತ್ರಿಯವಳ ಕಡೆ ತಿರುಗಿದವು. ಆ ದುಡ್ಡಿಗೆಂದು ಅವಳು ಆರು ವರ್ಷ ಕೋರ್ಟಿನ ಮೆಟ್ಟಿಲು ಸವೆಸಿದ್ದಳು. ತೀರ್ಪು ಬಂದರೂ ಧಣಿ ಬಿಡಿಗಾಸು ಬಿಚ್ಚಿರಲಿಲ್ಲ; ಅದು ಶೆಡ್ಡಿನ ಮೇಲೆ ಕೂತಿದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಬೀಗದ ಕೈ ಒಪ್ಪಿಸಲು ಬಂದಿದ್ದ ಧಣಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. "ಇದಕ್ಯಾಕೆ ಇಷ್ಟು ತಲೆಬಿಸಿ? ದುಡ್ಡು ಮುಟ್ಟಿತು ಅಂತ ಒಂದು ಹೆಬ್ಬೆಟ್ಟು ಒತ್ತೇ. ಭಾರಾನೂ ಹೋಗುತ್ತೆ, ಶೆಡ್ಡೂ ನಿಮ್ದಾಗುತ್ತೆ."

"ಒತ್ತಬೇಡ ಕಣೇ. ಹಾಳಾಗಿ ಹೋಗ್ಲಿ ಶೆಡ್ಡು," ಅಂದಳು ದೊಡ್ಡಕ್ಕ. "ಈ ಬೋಳೀಮಗ ಕೊಡಬೇಕಾದ್ದು ಇವನೇ ಕೊಡ್ಲಿ."

ಹಾಗೆನ್ನುವವಳ ಕಿವಿಯ ತೂತುಗಳಲ್ಲಿ ಓಲೆಯ ಬದಲು ಪೊರಕೆ ಕಡ್ಡಿಯ ಚೂರಿತ್ತು. ಇಸ್ತ್ರಿಯವಳು ಅದನ್ನೇ ನೋಡುತ್ತ ನಿಂತಳು. ಆಮೇಲೆ ಮಸಿಯಲ್ಲಿ ಹೆಬ್ಬೆಟ್ಟು ಅದ್ದಿ ಒತ್ತಿದಳು. ಗಂಡ ಎರಡನೇ ಸಲ ಸತ್ತ, ಈ ಸಲ ಅವಳ ಕೈಯಿಂದಲೇ.

"ಮಸಿ ಗೋಡೆಗೆ ಒರೆಸ್ಬೇಡ," ಗುಮಾಸ್ತ ಗದರಿದ.

ಅವಳು ಧಣಿಯ ಕೈಯಿಂದ ಬೀಗದ ಕೈ ತೆಗೆದುಕೊಂಡಳು. ಅವನ ಬಿಳಿ ಅಂಗಿಯ ಎದೆಗೆ ಅದೇ ಹೆಬ್ಬೆಟ್ಟನ್ನು ಒತ್ತಿ ಹಿಡಿದಳು.

"ಏಯ್, ಮುಂಡೆ..." ಅವನು ಎದ್ದು ನಿಂತ.

"ಹನ್ನೆರಡು ವರ್ಷ ನಿನ್ನ ಅಂಗಿಗಳಿಗೆ ಇಸ್ತ್ರಿ ಹಾಕಿದೋಳು ಹೇಳ್ತಿದೀನಿ," ಅವಳ ದನಿ ಏರಲಿಲ್ಲ. "ಈ ಕಲೆ ಹೋಗಲ್ಲ. ಯಾವ ಲಾಂಡ್ರಿಗೆ ಬೇಕಾದ್ರೂ ಹಾಕಿ ನೋಡು."

ಹೊರಗೆ ಮೆಟ್ಟಿಲ ಮೇಲೆ ಕೂತ ಮೇಲೆ ಅತ್ತಳು. ಒರೆಸಿಕೊಂಡ ಕಡೆಯೆಲ್ಲ ಕೆನ್ನೆಗೆ ಮಸಿ ಮೆತ್ತಿತು. ದೊಡ್ಡಕ್ಕ ಸೆರಗು ಹಿಡಿದು ಬಂದಳು. ಇಸ್ತ್ರಿಯವಳು ಒರೆಸಲು ಬಿಡಲಿಲ್ಲ.