ಯಜಮಾನಿಯ ಸರದಿ

ಉಣ್ಣೆ ಕತ್ತರಿಸಿದ ಮೇಲೆ ಹದಿನೈದು ದಿನ ನಮ್ಮ ಕುರಿಗಳು ನಮ್ಮ ಮನೆಯವರನ್ನು ಕಂಡರೆ ದೊಡ್ಡಿಯ ಗೋಡೆಗೆ ಅಂಟಿಕೊಳ್ಳುತ್ತಿದ್ದವು. ವರ್ಷವೆಲ್ಲ ಅವರ ಬೆನ್ನ ಹಿಂದೆಯೇ ಸುತ್ತುವ ಕುರಿಗಳು ಅವು. ಮೇವು ಹಿಡಿದು ಹೋದರೂ ಓಟ. ಅವರು ಒಳಗೆ ಬಂದು ಮುಖ ಊದಿಸಿಕೊಂಡು ಕೂರುತ್ತಿದ್ದರು. ನಿಮ್ಮ ಮನೆಯಲ್ಲೂ ಹೀಗೇ ಆಗುತ್ತಿದ್ದರೆ ಸ್ವಲ್ಪ ಕುಳಿತು ನಮ್ಮ ಕಥೆ ಕೇಳಿ.

ನಮ್ಮ ಹಿಂಡಿನಲ್ಲಿ ಒಂದು ಹೆಣ್ಣುಕುರಿ ಇದೆ. ತಾಯಿ ಇಲ್ಲದ ಮರಿ, ನಮ್ಮವರೇ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದು. ಈಗ ಅವಳು ಹೋದ ಕಡೆ ಹಿಂಡು ಹೋಗುತ್ತದೆ. ಮನೆಗೆ ಯಜಮಾನಿ ನಾನಾದರೂ ಆ ಹೆಸರು ಅವಳ ಪಾಲಾಯಿತು. ಹೋದ ವರ್ಷ ಉಣ್ಣೆ ಕತ್ತರಿಸುವಾಗ ಯಜಮಾನಿ ಒದ್ದಾಡಿ, ಕತ್ತರಿ ತಗುಲಿ ಗಾಯ ಮಾಡಿಕೊಂಡಳು. ಬಾಯಿ ತೆರೆದು ಏದುಸಿರು ಬಿಟ್ಟಳು. ಮೂರು ದಿನ ಮೇವು ಮುಟ್ಟಲಿಲ್ಲ. ಆಮೇಲೆ ಚೇತರಿಸಿಕೊಂಡಳು, ಆದರೆ ನಮ್ಮವರ ಹತ್ತಿರ ಮತ್ತೆ ಸುಳಿಯಲಿಲ್ಲ.

ಈ ವರ್ಷ ಅವರು ಖಡಾಖಂಡಿತವಾಗಿ ಹೇಳಿಬಿಟ್ಟರು. "ಅದಕ್ಕೆ ಸೊಕ್ಕು ಬಂದಿದೆ. ಈ ಸಲಾನೂ ಹಾಗೇ ಆಡಿದ್ರೆ ಮಾರಿಬಿಡ್ತೀನಿ." ಎದುರಾಡಿದರೆ ಹಟ ಹೆಚ್ಚಾಗುತ್ತದೆ ಎಂದು ಸುಮ್ಮನಿದ್ದೆ. ಸುಮ್ಮನೆ ಎಂದರೆ, ನಾದಿನಿಗೆ ಫೋನು ಮಾಡಿದೆ.

ನಾದಿನಿ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾಳೆ. ಊರೂರು ತಿರುಗಿ ಕುರಿಗಳಿಗೆ ಲಸಿಕೆ ಹಾಕುವುದು ಅವಳ ಕೆಲಸ. ಉಣ್ಣೆ ಕತ್ತರಿಸುವ ಹಿಂದಿನ ದಿನ ಸಂಜೆ ಬಂದಳು. ಬಂದವಳ ಕಣ್ಣಿಗೆ ಮೊದಲು ಬಿದ್ದದ್ದು ನಾನೇ. ನಾಳೆ ಪಾಪ ಅಷ್ಟು ಕಷ್ಟ ಪಡುತ್ತವಲ್ಲ, ಇವತ್ತಾದರೂ ಹೊಟ್ಟೆ ತುಂಬ ತಿನ್ನಲಿ ಎಂದು ಬುಟ್ಟಿ ತುಂಬ ಕಾಳು ಹೊತ್ತು ದೊಡ್ಡಿಗೆ ಹೊರಟಿದ್ದೆ. ಪ್ರತಿ ವರ್ಷ ಹೀಗೇ ಮಾಡುತ್ತಿದ್ದೆ. ಬೆಳಿಗ್ಗೆ ಎದ್ದು ಇನ್ನೊಂದು ಬುಟ್ಟಿ ಹಾಕುತ್ತಿದ್ದೆ.

ಅವಳು ಬುಟ್ಟಿ ಕೆಳಗಿಳಿಸಿದಳು. "ಅತ್ತಿಗೆ, ಕಂಠಪೂರ್ತಿ ಊಟ ಮಾಡಿಸಿ ಆಮೇಲೆ ನಿಮ್ಮನ್ನ ಹಿಂದಕ್ಕೆ ಒರಗಿಸಿ ಕೂರಿಸಿ ಮಡಚಿದ್ರೆ ನಿಮಗೆ ಉಸಿರಾಡೋಕೆ ಆಗುತ್ತಾ? ಹೊಟ್ಟೆ ಉಬ್ಬಿದ್ರೆ ಅದು ಎದೆಯನ್ನ ಒತ್ತುತ್ತೆ. ಒದ್ದಾಡದೆ ಇನ್ನೇನು ಮಾಡುತ್ತೆ? ಇವತ್ತು ಸಂಜೆಯಿಂದ ಕತ್ತರಿಸೋವರೆಗೂ ಮೇವು ಬೇಡ."

ನಾನು ಬುಟ್ಟಿ ನೋಡುತ್ತ ನಿಂತೆ. ಇಷ್ಟು ವರ್ಷ ಪ್ರೀತಿಯಿಂದಲೇ ಹಿಂಸೆ ಕೊಟ್ಟೆನಲ್ಲ ಎಂದು ನಾಚಿಕೆಯಾಯಿತು. ನಮ್ಮವರಿಗೆ ಮಾತ್ರ ಹಬ್ಬ. ತಪ್ಪೆಲ್ಲ ನನ್ನದೇ ಎಂಬಂತೆ ಜಗಲಿಯ ಮೇಲೆ ಕಾಲು ಚಾಚಿ ಕೂತರು. ಅವರ ಸರದಿ ಇನ್ನೂ ಬಂದಿರಲಿಲ್ಲ, ಅಷ್ಟೆ.

ನಾದಿನಿ ಅವರ ಕ್ರಮವನ್ನೂ ಕೇಳಿದಳು. ಅವರು ಹೆಮ್ಮೆಯಿಂದಲೇ ಹೇಳಿದರು. ಯಜಮಾನಿಯನ್ನು ಎಲ್ಲಕ್ಕಿಂತ ಮೊದಲು ಬೆನ್ನಿನ ಉಣ್ಣೆ ಹಿಡಿದು ಒಂಟಿಯಾಗಿ ಕೊಟ್ಟಿಗೆಯ ಹಿಂದಕ್ಕೆ ಎಳೆದೊಯ್ಯುತ್ತಾರಂತೆ. ಹಿರಿಯಳು ಮೊದಲು ಹೋದರೆ ಉಳಿದವು ಪಾಠ ಕಲಿಯುತ್ತವಂತೆ. ಅತ್ತಿತ್ತ ಓಡದಂತೆ ನಾಯಿಯನ್ನೂ ಪಕ್ಕದಲ್ಲಿ ಕಟ್ಟುತ್ತಾರಂತೆ.

"ಪಾಠ ಕಲೀತಾವೆ ಅಣ್ಣ, ಆದ್ರೆ ಏನಂತ? ಗೋಡೆ ಆಚೆ ಅವಳು ಕೂಗ್ತಾಳೆ, ಈಚೆ ಎಲ್ಲವೂ ಕೇಳಿಸ್ಕೊಳ್ತಾವೆ. ಕುರಿಗೆ ಒಂಟಿ ಆಗೋದಕ್ಕಿಂತ ದೊಡ್ಡ ಭಯ ಇಲ್ಲ. ನೀನು ಹಲ್ಲು ಕೀಳಿಸೋಕೆ ಹೋದಾಗ ಅತ್ತಿಗೆ ಕೈ ಬಿಟ್ಟಿದ್ಯಾ?"

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. "ಇಷ್ಟು ವರ್ಷ ಕುರಿ ಸಾಕಿದವನು ನಾನು. ನೀನು ಸೂಜಿ ಚುಚ್ಚೋದು ಕಲಿತು ಬಂದು ನನಗೆ ಹೇಳ್ತೀಯಾ?"

"ಸರಿ. ಉಣ್ಣೆ ಹಿಡಿದು ಎಳೆದ್ರೆ ನೋವಾಗಲ್ಲ ಅಂದ್ಕೊಂಡಿದ್ದೀಯಲ್ಲ, ನಿನ್ನ ಮೀಸೆ ಹಿಡಿದು ಬಾವಿವರೆಗೆ ಕರ್ಕೊಂಡು ಹೋಗ್ತೀನಿ, ಬಾ."

ಅವರು ಮೀಸೆಯ ಮೇಲೆ ಕೈ ಇಟ್ಟುಕೊಂಡರು. ನಾಳೆ ಒಂದು ದಿನ ನಿನ್ನ ಮಾತಿನಂತೆಯೇ ಆಗಲಿ, ಕುರಿ ಒದ್ದಾಡಿದರೆ ಮಾತ್ರ ಮಾರುವುದು ಖಂಡಿತ ಎಂದರು.

ಬೆಳಿಗ್ಗೆ ನಾದಿನಿ ಮೊದಲು ನಾಯಿಯನ್ನು ಮನೆಯ ಮುಂಬಾಗಿಲಿಗೆ ಕಟ್ಟಿಬಂದಳು. ದಾರಿಯ ಪಕ್ಕ ತಂತಿಯ ಮೇಲೆ ಪಟಪಟ ಹಾರುತ್ತಿದ್ದ ನನ್ನ ಹೊದಿಕೆಗಳನ್ನು ತೆಗೆಸಿದಳು. ಹಾರುವ ಬಟ್ಟೆಗೂ ಕುರಿ ಬೆದರುತ್ತದಂತೆ. ಕತ್ತರಿಸುವ ಜಾಗವನ್ನು ಕೊಟ್ಟಿಗೆಯ ಹಿಂದಿನಿಂದ ದೊಡ್ಡಿಯ ಬಾಗಿಲ ಪಕ್ಕಕ್ಕೇ ತಂದು, ಜಾರದಂತೆ ಗೋಣಿ ಹಾಸಿದೆವು. ಅಲ್ಲಿ ಕುರಿಗಳು ಒಂದಕ್ಕೊಂದು ಕಾಣಿಸುತ್ತಿದ್ದವು. ಕೂಗುವಂತಿಲ್ಲ, ಕೋಲು ಹಿಡಿಯುವಂತಿಲ್ಲ. ಒಂದು ಕೈ ಗದ್ದದ ಕೆಳಗೆ, ಇನ್ನೊಂದು ಕೈ ಹಿಂಭಾಗಕ್ಕೆ ಕೊಟ್ಟು ನಿಧಾನವಾಗಿ ನಡೆಸಬೇಕು. ಉಣ್ಣೆ ಒಣಗಿದೆಯೇ ಎಂದು ಮುಟ್ಟಿ ನೋಡಿದಳು. ಹೊಟ್ಟೆಯಲ್ಲಿ ದೊಡ್ಡ ಮರಿ ಇದ್ದ ಎರಡು ಕುರಿಗಳನ್ನು ಬೇರೆ ಬಿಟ್ಟಳು. ಅವುಗಳ ಸರದಿ ಮರಿ ಹಾಕಿದ ಮೇಲೆ.

ಮೊದಲು ನಾಲ್ಕು ಸಾಧು ಕುರಿಗಳು ಮುಗಿದವು. ಐದನೆಯವಳು ಯಜಮಾನಿ. ನಮ್ಮವರು ಒರೆಸಿದ ಕತ್ತರಿಯನ್ನೇ ಮತ್ತೆ ಮತ್ತೆ ಒರೆಸಿದರು. ಸೊಕ್ಕು ಎಂದು ಬೈದರೂ ಮಾರಲು ಅವರಿಗೂ ಮನಸ್ಸಿರಲಿಲ್ಲ.

ಅವಳನ್ನು ಕೂರಿಸಿ, ಬೆನ್ನನ್ನು ತಮ್ಮ ಮೊಣಕಾಲಿಗೆ ಒರಗಿಸಿಕೊಂಡರು. ಯಜಮಾನಿ ಒಮ್ಮೆ ಕಾಲು ಝಾಡಿಸಿದಳು. "ಗಟ್ಟಿ ಅದುಮಬೇಡ ಅಣ್ಣ, ಸ್ವಲ್ಪ ಕಾಯಿ" ಎಂದಳು ನಾದಿನಿ. ಅವರು ಕಾದರು. ಯಜಮಾನಿ ಬಾಗಿಲ ಕಡೆ ಕತ್ತು ತಿರುಗಿಸಿ ತನ್ನವರನ್ನು ಕಂಡಳು. ಕಾಲು ಸಡಿಲವಾಯಿತು. ಕತ್ತರಿ ಹೊಟ್ಟೆಯಿಂದ ಪಕ್ಕೆಗೆ, ಪಕ್ಕೆಯಿಂದ ಬೆನ್ನಿಗೆ ನಡೆಯಿತು. ಒಂದು ಗೀರೂ ಬೀಳಲಿಲ್ಲ. ಬಿಟ್ಟಾಗ ಅವಳು ಎದ್ದು ಮೈ ಕೊಡವಿ, ಓಡದೆ ನಡೆದುಕೊಂಡು ಒಳಗೆ ಹೋದಳು.

ಗಾಳಿ ತಣ್ಣಗಿತ್ತು. ಹಿಂಡನ್ನು ಕೊಟ್ಟಿಗೆಯೊಳಗೆ ಬೆಚ್ಚಗೆ ಕೂಡಿದೆವು. ಆಗ ಮೇವು, ನೀರು. ನಾದಿನಿ ಒಪ್ಪಿದ ಮೇಲೆ ನನ್ನ ಬುಟ್ಟಿಯಿಂದಲೂ ಒಂದೊಂದು ಹಿಡಿ ಕಾಳು.

ಮರುದಿನ ಬೆಳಿಗ್ಗೆ ಕೊಟ್ಟಿಗೆಯ ಬಾಗಿಲು ತೆರೆಯಲು ನಮ್ಮವರು ನನ್ನನ್ನು ಕಳಿಸಿದರು. ತಾವು ಹೋದರೆ ಗೋಡೆಗೆ ಅಂಟಿಕೊಳ್ಳುತ್ತವೆ ಎಂಬ ಅಳುಕು. ನೀವೇ ತೆರೆಯಿರಿ ಎಂದೆ. ತೆರೆದು ದೂರ ಸರಿದು ನಿಂತರು. ಯಜಮಾನಿ ಹೊಸ್ತಿಲು ದಾಟಿ, ಸುತ್ತ ನೋಡಿ, ನೇರವಾಗಿ ಅವರ ಹತ್ತಿರ ಬಂದು ಅಂಗಿಯ ಜೇಬಿಗೆ ಮೂತಿ ತೂರಿಸಿದಳು. ಮರಿಯಾಗಿದ್ದಾಗ ಬಾಟಲಿ ಇರುತ್ತಿದ್ದ ಜೇಬು ಅದು. ಅವರು ಕುಕ್ಕರಗಾಲಿನಲ್ಲಿ ಕೂತು ಅವಳ ಕತ್ತು ತಬ್ಬಿಕೊಂಡರು.

"ಇದನ್ನ ಮಾರೋ ಮಾತು ಯಾರೂ ಎತ್ತಬೇಡಿ" ಎಂದರು, ನಾವು ಎತ್ತಿದ್ದೆವೇನೋ ಎಂಬಂತೆ.

ಅಣ್ಣಂದಿರೇ, ಅಕ್ಕಂದಿರೇ, ಇದಕ್ಕೆ ನಾವು ಹೊಸದಾಗಿ ಏನನ್ನೂ ಕೊಂಡಿಲ್ಲ. ಮೇವು ಒಂದು ರಾತ್ರಿ ತಡೆದೆವು, ನಾಯಿಯನ್ನು ದೂರ ಕಟ್ಟಿದೆವು, ಜೊತೆಯವರನ್ನು ಕಣ್ಣೆದುರು ಬಿಟ್ಟೆವು, ಕೈ ಮೆತ್ತಗೆ ಮಾಡಿಕೊಂಡೆವು. ಗಬ್ಬದ ಕುರಿ, ಕಾಯಿಲೆಯ ಕುರಿ ಇದ್ದರೆ ನಿಮ್ಮ ಪಶು ವೈದ್ಯರನ್ನು ಕೇಳಿ ಮುಂದುವರಿಯಿರಿ. ಈ ಸಲ ನೀವೂ ಹೀಗೆ ಮಾಡಿ. ಮರುದಿನ ಬಾಗಿಲು ತೆರೆದು ನಿಲ್ಲಿ. ಚೆನ್ನಾಗಿ ಮಾಡಿದಿರೋ ಇಲ್ಲವೋ ಎಂದು ನಿಮ್ಮ ಯಜಮಾನಿಯೇ ಬಂದು ಹೇಳುತ್ತಾಳೆ.