ಠಸ್ಸೆಯಕ್ಕನ ಸವತಿ

ಗ್ರಂಥಾಲಯದಲ್ಲಿ ಪುಸ್ತಕ ಕೊಡುವ ಮೇಜು ಹತ್ತೊಂಬತ್ತು ವರ್ಷದಿಂದ ಅವಳದೇ. ವಾಪಸಿನ ತಾರೀಕು ಒತ್ತಿ ಒತ್ತಿ ಅವಳಿಗೆ ಠಸ್ಸೆಯಕ್ಕ ಎಂದೇ ಹೆಸರು ಬಿದ್ದಿತ್ತು. ಒತ್ತುವ ಮುಂಚೆ ಪುಸ್ತಕದ ಹೆಸರನ್ನು ಗಟ್ಟಿಯಾಗಿ ಓದುವುದು ಅವಳ ಪದ್ಧತಿ. ಒಬ್ಬರದು ಇನ್ನೊಬ್ಬರ ಲೆಕ್ಕಕ್ಕೆ ಹೋಗಬಾರದಲ್ಲ. ಜೊತೆಗೊಂದು ಮಾತು ಪುಕ್ಕಟೆ: "ಮತ್ತೆ ಪತ್ತೇದಾರಿನಾ? ನಿದ್ದೆಗಿದ್ದೆ ಮಾಡ್ತೀರೋ ಇಲ್ವೋ?"

ಎರಡು ತಿಂಗಳ ಹಿಂದೆ ಬಾಗಿಲ ಪಕ್ಕ ಆ ಯಂತ್ರ ಬಂದು ಕೂತಿತು. ಪುಸ್ತಕವನ್ನು ಅದರ ಮುಂದಿಟ್ಟರೆ ಕುಂಯ್ ಎನ್ನುತ್ತದೆ, ಚೀಟಿ ಕೊಡುತ್ತದೆ, ಮುಗಿಯಿತು. ಮೊದಮೊದಲು ಯಾರೂ ಹತ್ತಿರ ಸುಳಿಯಲಿಲ್ಲ. ಆಮೇಲೆ ಒಬ್ಬರ ಹಿಂದೊಬ್ಬರು ಅತ್ತ ಜಾರಿದರು. ಹೋದರೆ ಹೋಗಲಿ ಎಂದುಕೊಂಡಳು. ಆದರೆ ಡ್ರಾಯಿಂಗ್ ಮೇಷ್ಟ್ರೂ ಹೋದರಲ್ಲ, ಅಂದು ಅವಳ ಹೊಟ್ಟೆಗೆ ಬೆಂಕಿ ಬಿತ್ತು. ನಿವೃತ್ತರಾದ ಮೇಲೆ ಪ್ರತಿ ಶನಿವಾರ ಅರ್ಧ ಗಂಟೆ ಅವಳ ಮೇಜಿಗೆ ಒರಗಿ ಹರಟುತ್ತಿದ್ದವರು. ವಾರವೆಲ್ಲ ಅವಳು ಕಾಯುತ್ತಿದ್ದದ್ದು ಆ ಅರ್ಧ ಗಂಟೆಗೇ. ಈಗ ತಲೆ ತಗ್ಗಿಸಿಕೊಂಡು ಆ ಸವತಿಯ ಮುಂದೆ ನಿಲ್ಲುತ್ತಾರೆ. ಅದಕ್ಕೇನು ಕ್ಷೇಮ ವಿಚಾರಿಸಲು ಬರುತ್ತದೆಯೇ, ಜೋಕಿಗೆ ನಗಲು ಬರುತ್ತದೆಯೇ?

ಈ ಶನಿವಾರ ಅವರು ಬರುವ ಹೊತ್ತಿಗೆ ಸರಿಯಾಗಿ ಅವಳು ಯಂತ್ರದ ಪ್ಲಗ್ ಕಿತ್ತಳು.

ಮೇಷ್ಟ್ರು ಪುಸ್ತಕ ಹಿಡಿದು ಕಪ್ಪು ಪರದೆಯ ಮುಂದೆ ನಿಂತರು.

"ಅದು ಕೆಟ್ಟಿದೆ ಮೇಷ್ಟ್ರೇ, ಇಲ್ಲಿಗೇ ಬನ್ನಿ," ಎಂದಳು ಬೆಣ್ಣೆಯಂಥ ದನಿಯಲ್ಲಿ.

ಅವರು ಮೇಜಿನ ಮುಂದೆ ಸಾಲಾಗಿ ನಿಂತಿದ್ದ ನಾಲ್ಕು ಜನರನ್ನು ನೋಡಿದರು. "ಇರ್ಲಿ ಬಿಡಮ್ಮ, ಅವಸರ ಏನಿಲ್ಲ," ಎಂದು ಪುಸ್ತಕವನ್ನು ಕಪಾಟಿಗೆ ತುರುಕಿ ಹೊರಟೇಬಿಟ್ಟರು.

ನಾನು ಅಷ್ಟೊಂದು ಬೇಡವಾದೆನೇ? ರೇಗಿಹೋಯಿತು ಅವಳಿಗೆ. ಧಡಕ್ಕನೆ ಎದ್ದು ಹೋಗಿ ಆ ಪುಸ್ತಕ ಎಳೆದಳು. ಅಭ್ಯಾಸಬಲ, ಬಾಯಿ ತಾನಾಗಿ ತೆರೆಯಿತು. "ಮರೆ..."

ಸಾಲಿನವರೆಲ್ಲ ತಿರುಗಿ ನೋಡಿದರು. ಉಳಿದದ್ದನ್ನು ಅವಳು ನುಂಗಿಕೊಂಡಳು. 'ಮರೆವಿನ ಕಾಯಿಲೆ: ಮೊದಲ ಲಕ್ಷಣಗಳು.' ಹತ್ತೊಂಬತ್ತು ವರ್ಷದಲ್ಲಿ ಯಾರ ಮೂಲವ್ಯಾಧಿ, ಯಾರ ಮುರಿದ ಮದುವೆ, ಏನೇನೆಲ್ಲ ಡಂಗುರ ಹೊಡೆದಿದ್ದಳೋ, ಎಲ್ಲ ಒಮ್ಮೆಲೇ ನೆನಪಾಗಿ ಕಿವಿ ಬಿಸಿಯಾಯಿತು.

ಪುಸ್ತಕವನ್ನು ಇದ್ದಲ್ಲೇ ಇಟ್ಟು, ಪ್ಲಗ್ ಸಿಕ್ಕಿಸಿ, ಮೆಟ್ಟಿಲ ತನಕ ಓಡಿದಳು.

"ಮೇಷ್ಟ್ರೇ, ಮಿಷನ್ ಸರಿಹೋಯ್ತು ಬನ್ನಿ."

ಅವರು ವಾಪಸು ಬಂದರು. ಅವಳು ಮೇಜಿಗೆ ಹೋಗಿ ಬೇಕೆಂದೇ ಬಾಗಿಲಿಗೆ ಬೆನ್ನು ಮಾಡಿ ಕೂತಳು. ಸ್ವಲ್ಪ ಹೊತ್ತಿಗೆ ಕುಂಯ್ ಎಂದಿತು. ಹೊಟ್ಟೆ ಉರಿಯಿತು, ಸುಳ್ಳೇಕೆ. ಆದರೂ ಅವರು ಬಾಗಿಲು ದಾಟುವ ತನಕ ಅವಳು ತಿರುಗಿ ನೋಡಲಿಲ್ಲ.